ಫ್ರಾಂಕ್ ವಿಟ್ಲನ ಎಂಜಿನ್

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ರಾತ್ರಿಯ ವಿಮಾನಕ್ಕಾಗಿ ಕಾದು ಕುಳಿತಿದ್ದೆ. ಗಾಜಿನ ಗೋಡೆಯ ಆಚೆ ನಮ್ಮನ್ನು ಹೊತ್ತೊಯ್ಯಬೇಕಾದ ವಿಮಾನ ನಿಂತಿತ್ತು. ನಡುವಯಸ್ಸಿನ ಮೆಕ್ಯಾನಿಕ್ ಒಬ್ಬನು ಕೈಯಲ್ಲಿ ಟಾರ್ಚು ಹಿಡಿದು ಅದರ ಸುತ್ತ ನಿಧಾನವಾಗಿ ನಡೆಯುತ್ತಿದ್ದನು. ಗಾಲಿಯ ಬಳಿ ಕುಕ್ಕರುಗಾಲಿನಲ್ಲಿ ಕುಳಿತು ಟೈರನ್ನು ನೋಡಿದನು. ರೆಕ್ಕೆಯ ಅಡಿಯಲ್ಲಿ ಎಣ್ಣೆ ಜಿನುಗಿದೆಯೇ ಎಂದು ಕತ್ತೆತ್ತಿ ಪರೀಕ್ಷಿಸಿದನು. ಕೊನೆಗೆ ಎಂಜಿನ್ನಿನ ದೊಡ್ಡ ಬಾಯೊಳಗೆ ತಲೆಯಿಟ್ಟು, ಅಲ್ಲಿಯ ಅಲಗುಗಳ ಮೇಲೆ ಒಂದೊಂದಾಗಿ ಬೆಳಕು ಹಾಯಿಸಿದನು. ನಿಲ್ದಾಣದಲ್ಲಿ ಕುಳಿತಿದ್ದ ನೂರಾರು ಜನರಲ್ಲಿ ಯಾರೂ ಅವನ ಕಡೆ ನೋಡುತ್ತಿರಲಿಲ್ಲ.

ನಾನು ಬಹುಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವನು. ಜೆಟ್ ಎಂಜಿನ್ನಿನ ಪಾಠ ಬಂದಾಗಲೆಲ್ಲ ಗಾಳಿ ತುಂಬಿದ ಬಲೂನೊಂದನ್ನು ತರಗತಿಯಲ್ಲಿ ಹಾರಬಿಟ್ಟು, ಮಕ್ಕಳು ನಕ್ಕು ಮುಗಿಸಿದ ಮೇಲೆ ನ್ಯೂಟನ್ನನ ಮೂರನೆಯ ನಿಯಮವನ್ನು ಹೇಳಿ, ಫ್ರಾಂಕ್ ವಿಟ್ಲ್ ಎಂಬ ಹೆಸರನ್ನು ಹಲಗೆಯ ಮೇಲೆ ಬರೆದು ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆ. ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದನೆಂಬುದು ನಿವೃತ್ತನಾದ ಮೇಲೆ ಆತನ ಜೀವನವೃತ್ತಾಂತವನ್ನು ಓದಿದಾಗಲಷ್ಟೇ ನನ್ನ ಅರಿವಿಗೆ ಬಂತು. ಆ ರಾತ್ರಿ ಟಾರ್ಚಿನ ಬೆಳಕು ನನಗೆ ನೆನಪು ಮಾಡಿಕೊಟ್ಟದ್ದು ಆತನನ್ನೇ. ಏಕೆಂದರೆ ವಿಟ್ಲನೂ ವಿಮಾನದ ಬಳಿಗೆ ಮೊದಲು ಬಂದದ್ದು ಅದನ್ನು ದುರಸ್ತಿ ಮಾಡುವ ಹುಡುಗನಾಗಿ.

ಆತ ಹುಟ್ಟಿದ್ದು 1907ರ ಜೂನ್ 1ರಂದು, ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ತಂದೆ ಕುಶಲ ಕೆಲಸಗಾರ. ಮುಂದೆ ಲೆಮಿಂಗ್ಟನ್ ಎಂಬ ಊರಿನಲ್ಲಿ ಕವಾಟಗಳನ್ನೂ ಪಿಸ್ಟನ್ ಉಂಗುರಗಳನ್ನೂ ಮಾಡುವ ಸಣ್ಣ ಕಾರ್ಖಾನೆಯೊಂದನ್ನು ಕೊಂಡನು. ಬಡಗಿಯ ಮಗನ ಕೈಗೆ ಉಳಿ ಬರುವಂತೆ ಈ ಹುಡುಗನ ಕೈಗೆ ಲೇತು ಬಂದಿತು. ಹದಿನೈದನೆಯ ವಯಸ್ಸಿನಲ್ಲಿ ವಾಯುಪಡೆಯ ತರಬೇತಿಗೆ ಅರ್ಜಿ ಹಾಕಿ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದನು; ಆದರೆ ಆಳು ಗಿಡ್ಡನೆಂದೂ ಎದೆ ಕಿರಿದೆಂದೂ ವೈದ್ಯರು ಮನೆಗೆ ಕಳುಹಿಸಿದರು. ಹುಡುಗ ತಿಂಗಳುಗಟ್ಟಲೆ ಪಥ್ಯವನ್ನೂ ವ್ಯಾಯಾಮವನ್ನೂ ಮಾಡಿ ಮತ್ತೆ ಹೋದನು. ಮತ್ತೆ ತಿರಸ್ಕಾರವಾಯಿತು. ಅಲ್ಲಿಗೂ ಬಿಡದೆ ಮೂರನೆಯ ಸಲ ಪ್ರಯತ್ನಿಸಿ, 1923ರ ಸೆಪ್ಟೆಂಬರಿನಲ್ಲಿ ಕ್ರಾನ್‌ವೆಲ್ ಎಂಬಲ್ಲಿಯ ಶಾಲೆಗೆ ಸೇರಿದನು. ಕ್ರಾನ್‌ವೆಲ್ ಎಂಬ ಈ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಆತನ ಬಾಳು ಮತ್ತೆ ಮತ್ತೆ ಅಲ್ಲಿಗೇ ಹಿಂದಿರುಗುತ್ತದೆ.

ಮೂರು ವರ್ಷ ಅಲ್ಲಿ ವಿಮಾನದ ಮೈಯನ್ನು ಜೋಡಿಸುವ, ಬಿಚ್ಚುವ, ಸರಿಪಡಿಸುವ ಕೆಲಸವನ್ನು ಕಲಿತನು. ಬಿಡುವಿನಲ್ಲಿ ಮಾಡಿದ ಮಾದರಿ ವಿಮಾನಗಳು ಅಧಿಕಾರಿಗಳ ಕಣ್ಣಿಗೆ ಬಿದ್ದು, 1926ರಲ್ಲಿ ಅಧಿಕಾರಿಗಳ ತರಬೇತಿ ಕಾಲೇಜಿಗೆ ಆರಿಸಲ್ಪಟ್ಟನು. ರಿಪೇರಿಯ ಹುಡುಗ ಹೀಗೆ ವಿಮಾನ ಚಾಲಕನಾದನು. 1928ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಆತ ಅಲ್ಲಿಯೇ ಒಂದು ಪ್ರಬಂಧವನ್ನು ಬರೆದನು. ವಿಮಾನಗಳು ದೂರವನ್ನೂ ವೇಗವನ್ನೂ ಸಾಧಿಸಬೇಕಾದರೆ ಬಹು ಎತ್ತರದಲ್ಲಿ, ಗಾಳಿ ತೆಳುವಾಗಿರುವಲ್ಲಿ, ಗಂಟೆಗೆ 500 ಮೈಲಿಯಷ್ಟು ವೇಗವಾಗಿ ಹಾರಬೇಕೆಂಬುದು ಅದರ ಸಾರ. ಅಂದಿನ ವಾಯುಪಡೆಯ ವಿಮಾನಗಳ ವೇಗ ಅದರ ಅರ್ಧವನ್ನೂ ಮುಟ್ಟಿರಲಿಲ್ಲ.

ಇಲ್ಲಿ ಅಂದಿನ ಎಂಜಿನ್ನಿನ ಸ್ಥಿತಿಯನ್ನು ಸ್ವಲ್ಪ ವಿವರಿಸಬೇಕು. ಸಿಲಿಂಡರಿನೊಳಗೆ ಪೆಟ್ರೋಲು ಸಿಡಿದು ಪಿಸ್ಟನ್ನನ್ನು ತಳ್ಳುತ್ತದೆ. ಅದು ಮುಂದೆ ಹೋಗಿ, ನಿಂತು, ಹಿಂದಕ್ಕೆ ಬರುತ್ತದೆ. ನಿಮಿಷಕ್ಕೆ ಸಾವಿರಾರು ಸಲ ಈ ಬಡಿತ. ಕವಾಟಗಳು, ಸರಳುಗಳು, ಕಿಡಿ ಹಾರಿಸುವ ಪ್ಲಗ್ಗುಗಳು ಎಲ್ಲವೂ ಅದರ ತಾಳಕ್ಕೆ ಕುಣಿಯಬೇಕು. ನೂರಾರು ಭಾಗಗಳಲ್ಲಿ ಯಾವುದು ಯಾವಾಗ ಸವೆಯುವುದೋ ಎಂಬ ಭಯ ಮೆಕ್ಯಾನಿಕ್ಕನಿಗೆ ತಪ್ಪಿದ್ದಲ್ಲ. ಇಷ್ಟೆಲ್ಲ ಮಾಡಿಯೂ ಎತ್ತರಕ್ಕೆ ಹೋದಂತೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ, ಪ್ರೊಪೆಲರಿಗೆ ಹಿಡಿಯಲು ಗಾಳಿ ಸಿಕ್ಕುವುದಿಲ್ಲ.

1929ರಲ್ಲಿ ವಿಟ್ಲನಿಗೆ ಪರಿಹಾರ ಹೊಳೆಯಿತು. ಅದನ್ನು ನಮ್ಮ ಕಮ್ಮಾರನ ಕುಲುಮೆಯಿಂದ ತಿಳಿಯಬಹುದು. ತಿದಿ ಗಾಳಿಯನ್ನು ಒತ್ತಿ ಊದುತ್ತದೆ, ಕೆಂಡ ಪ್ರಜ್ವಲಿಸುತ್ತದೆ. ಆ ಕೆಂಡದಿಂದ ಹೊರಡುವ ಬಿಸಿಗಾಳಿಯೇ ಒಂದು ಚಕ್ರವನ್ನು ತಿರುಗಿಸಿ, ಆ ಚಕ್ರವೇ ತಿದಿಯನ್ನು ಒತ್ತುವಂತಾದರೆ ತಿದಿಯೊತ್ತುವ ಆಳೇ ಬೇಕಾಗಿಲ್ಲ. ಕುಲುಮೆ ತನ್ನನ್ನು ತಾನೇ ಊದಿಕೊಳ್ಳುತ್ತದೆ. ವಿಟ್ಲನ ಎಂಜಿನ್ನಿನಲ್ಲಿ ಮುಂದಿನ ಚಕ್ರ ಗಾಳಿಯನ್ನು ಸೆಳೆದು ಒತ್ತುತ್ತದೆ. ನಡುವಿನ ದಹನಕೋಷ್ಠದಲ್ಲಿ ಇಂಧನ ಸತತವಾಗಿ ಉರಿಯುತ್ತದೆ. ಉರಿದ ಗಾಳಿ ಹಿಂದಿನ ಚಕ್ರವನ್ನು, ಅಂದರೆ ಟರ್ಬೈನನ್ನು, ತಿರುಗಿಸಿ, ಉಳಿದ ಬಲದಿಂದ ಹಿಂದಕ್ಕೆ ನುಗ್ಗಿ ವಿಮಾನವನ್ನು ಮುಂದಕ್ಕೆ ದೂಡುತ್ತದೆ. ಎರಡೂ ಚಕ್ರಗಳು ಒಂದೇ ಅಚ್ಚಿನ ಮೇಲಿವೆ. ಬಡಿತವಿಲ್ಲ, ಹಿಂದುಮುಂದಿಲ್ಲ, ಮುಖ್ಯವಾಗಿ ಚಲಿಸುವ ಅಂಗ ಒಂದೇ. ಎಂಜಿನ್ನುಗಳ ನಡುವೆ ಕೈ ಮಸಿಮಾಡಿಕೊಂಡು ಬೆಳೆದ ಹುಡುಗನಿಗಲ್ಲದೆ ಇಂಥ ಸರಳತೆಯ ಆಸೆ ಇನ್ನಾರಿಗೆ ಹುಟ್ಟೀತು ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಸರ್ಕಾರದ ವಾಯು ಇಲಾಖೆಯ ತಜ್ಞರು ಲೆಕ್ಕಗಳನ್ನು ನೋಡಿ ಇದು ಆಗದ ಮಾತೆಂದರು. ಅಷ್ಟು ಕಾವನ್ನು ತಡೆಯುವ ಲೋಹವಿಲ್ಲ ಎಂಬುದು ಅಂದಿನ ಆಕ್ಷೇಪ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ವಿಟ್ಲ್ 1930ರ ಜನವರಿಯಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದನು. ಅದನ್ನು ಗುಪ್ತವಾಗಿಡುವ ಅಗತ್ಯವೂ ಇಲಾಖೆಗೆ ಕಾಣಲಿಲ್ಲ. ಅದು ಅಚ್ಚಾಗಿ, ಯಾವ ದೇಶದವರು ಬೇಕಾದರೂ ಓದುವಂತಾಯಿತು. 1935ರಲ್ಲಿ ಅದನ್ನು ನವೀಕರಿಸಬೇಕಾಯಿತು. ಶುಲ್ಕ ಐದು ಪೌಂಡು. ಸಂಸಾರಸ್ಥನಾಗಿದ್ದ ಕಿರಿಯ ಅಧಿಕಾರಿಯ ಕೈಯಲ್ಲಿ ಆ ಹಣವಿರಲಿಲ್ಲ. ಇಲಾಖೆ ಕೊಡಲು ಒಪ್ಪಲಿಲ್ಲ. ಪೇಟೆಂಟು ಬಿದ್ದುಹೋಯಿತು. ಇಂದು ಜಗತ್ತಿನ ಆಕಾಶವನ್ನೆಲ್ಲ ತುಂಬಿರುವ ಯಂತ್ರದ ಮೊದಲ ಹಕ್ಕು ಐದು ಪೌಂಡಿಗೆ ಕೈತಪ್ಪಿತೆಂಬುದನ್ನು ನಾನು ಮಕ್ಕಳಿಗೆ ಹೇಳಿದ್ದರೆ, ಬಲೂನಿಗಿಂತ ಹೆಚ್ಚು ಕಾಲ ಅದು ಅವರ ನೆನಪಿನಲ್ಲಿ ಉಳಿಯುತ್ತಿತ್ತು.

ಆಗ ಆತ ಕೇಂಬ್ರಿಡ್ಜಿನಲ್ಲಿ ಓದುತ್ತಿದ್ದನು. ಆಸೆಯನ್ನು ಬಹುಮಟ್ಟಿಗೆ ಬಿಟ್ಟಿದ್ದಾಗ ಹಳೆಯ ಸಹಪಾಠಿಯೊಬ್ಬನ ಕಾಗದ ಬಂತು. ಆತನೂ ಇನ್ನೊಬ್ಬ ಗೆಳೆಯನೂ ಹಣ ಹುಡುಕಿಕೊಡಲು ಮುಂದೆ ಬಂದರು. 1936ರ ಮಾರ್ಚಿನಲ್ಲಿ ಪವರ್ ಜೆಟ್ಸ್ ಎಂಬ ಪುಟ್ಟ ಕಂಪನಿ ಹುಟ್ಟಿತು. ವಿಟ್ಲ್ ಸರ್ಕಾರಿ ನೌಕರನಾದುದರಿಂದ ವಾರಕ್ಕೆ ಆರು ಗಂಟೆಗಿಂತ ಹೆಚ್ಚು ಅದರ ಕೆಲಸ ಮಾಡಕೂಡದೆಂದು ಕಟ್ಟಳೆ ಹಾಕಿದರು. ಆ ವರ್ಷ ಆತ ಕೇಂಬ್ರಿಡ್ಜಿನಲ್ಲಿ ಪ್ರಥಮ ದರ್ಜೆಯನ್ನೂ ಪಡೆದನು.

1937ರ ಏಪ್ರಿಲ್ 12. ರಗ್ಬಿ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಎಂಜಿನ್ ಮೊದಲ ಬಾರಿಗೆ ಓಡಿತು. ವಿಟ್ಲನೇ ಇಂಧನದ ಕವಾಟವನ್ನು ತೆರೆದನು. ಎಂಜಿನ್ ಹೊತ್ತಿಕೊಂಡು, ಬರಬರುತ್ತ ಅದರ ಸದ್ದು ಸೀಳುಕೂಗಾಗಿ ಏರಿತು. ಗಾಬರಿಯಿಂದ ಕವಾಟವನ್ನು ಮುಚ್ಚಿದರೂ ವೇಗ ಇಳಿಯಲಿಲ್ಲ, ಇನ್ನೂ ಏರಿತು. ಸುತ್ತಲಿದ್ದವರು ಓಡಿಹೋದರು. ಆತನೊಬ್ಬನೇ ಯಂತ್ರದ ಬಳಿ ನಿಂತನು. ಸ್ವಲ್ಪ ಹೊತ್ತಿನ ಮೇಲೆ ಅದು ತಾನಾಗಿಯೇ ಶಾಂತವಾಯಿತು. ಕಾರಣವೇನೆಂದರೆ, ಓಡಿಸುವ ಮುನ್ನ ಸೋರಿದ್ದ ಇಂಧನ ದಹನಕೋಷ್ಠದ ತಳದಲ್ಲಿ ಮಡುಗಟ್ಟಿತ್ತು. ಕವಾಟ ಮುಚ್ಚಿದ ಮೇಲೂ ಅದು ಉರಿಯುತ್ತಲೇ ಇತ್ತು. ಸೋರಿದ್ದು ಹರಿದುಹೋಗಲು ದಾರಿ ಮಾಡಿದ ಮೇಲೆ ಆ ತೊಂದರೆ ತಪ್ಪಿತು. ಇಂದಿಗೂ ವಿಮಾನದ ಮೆಕ್ಯಾನಿಕ್ ಎಂಜಿನ್ನಿನ ಅಡಿಯಲ್ಲಿ ತೊಟ್ಟಿಕ್ಕಿದ ಎಣ್ಣೆಯನ್ನು ಹುಡುಕುವುದನ್ನು ಕಂಡಾಗ ನನಗೆ ಆ ದಿನ ನೆನಪಾಗುತ್ತದೆ.

ಮುಂದಿನ ವರ್ಷಗಳು ದಾರಿದ್ರ್ಯದವು. ಹೊಸ ಎಂಜಿನ್ ಕಟ್ಟಲು ಹಣವಿಲ್ಲದೆ, ಮುರಿದದ್ದನ್ನೇ ಬಿಚ್ಚಿ, ಉಳಿದ ಭಾಗಗಳಿಂದ ಇನ್ನೊಂದನ್ನು ಕಟ್ಟಿದರು. 1938ರಲ್ಲಿ ಟರ್ಬೈನಿನ ಅಲಗುಗಳು ಮುರಿದು ಎಂಜಿನ್ನೇ ಹಾಳಾಯಿತು, ಮತ್ತೆ ಕಟ್ಟಿದರು. ಅಷ್ಟರಲ್ಲಿ ಜರ್ಮನಿಯಲ್ಲಿ ಹಾನ್ಸ್ ಫಾನ್ ಓಹೈನ್ ಎಂಬ ತರುಣ ವಿಜ್ಞಾನಿಯ ಎಂಜಿನ್ 1939ರ ಆಗಸ್ಟಿನಲ್ಲಿ ಆಕಾಶಕ್ಕೇರಿತು. ಅವನಿಗೆ ಹಣ ಕೊಡುವ ವಿಮಾನ ತಯಾರಕನೊಬ್ಬನಿದ್ದನು. ವಿಟ್ಲನಿಗೆ ಇದ್ದದ್ದು ಸಾಲ ಮತ್ತು ಸಂಶಯ. ನಿದ್ರೆಗೊಂದು ಗುಳಿಗೆ, ಎಚ್ಚರಕ್ಕೊಂದು ಗುಳಿಗೆ, ಬಿಡದ ಸಿಗರೇಟು. ಆತನ ದೇಹ ಕರಗುತ್ತ ಬಂತು, ಮನಸ್ಸು ಕುಸಿಯತೊಡಗಿತು.

1941ರ ಮೇ 15ರ ಸಂಜೆ ಆ ಎಂಜಿನ್ನನ್ನು ಹೊತ್ತ ಪುಟ್ಟ ವಿಮಾನ ಹದಿನೇಳು ನಿಮಿಷ ಹಾರಿತು. ಸ್ಥಳ ಕ್ರಾನ್‌ವೆಲ್, ಹದಿನೆಂಟು ವರ್ಷಗಳ ಹಿಂದೆ ಗಿಡ್ಡ ಹುಡುಗನೊಬ್ಬ ರಿಪೇರಿ ಕಲಿಯಲು ಬಂದಿದ್ದ ಅದೇ ಬಯಲು. ಯುದ್ಧಕಾಲವಾದುದರಿಂದ ಲೋಕಕ್ಕೆ ಸುದ್ದಿಯೇ ತಿಳಿಯಲಿಲ್ಲ. ಅದೇ ವರ್ಷ ಎಂಜಿನ್ನಿನ ಮಾದರಿಯನ್ನು ಅಮೆರಿಕಕ್ಕೆ ಕೊಟ್ಟರು. ಅಲ್ಲಿಯ ಜೆಟ್ ಎಂಜಿನ್ ಉದ್ಯಮ ಅದರಿಂದ ಬೆಳೆಯಿತು. 1944ರಲ್ಲಿ ಸರ್ಕಾರ ಪವರ್ ಜೆಟ್ಸ್ ಕಂಪನಿಯನ್ನೇ ವಹಿಸಿಕೊಂಡು, ಅದನ್ನು ಸಂಶೋಧನಾ ಸಂಸ್ಥೆಯಾಗಿಸಿತು. ಎಂಜಿನ್ ಕಟ್ಟುವ ಕೆಲಸ ದೊಡ್ಡ ಕಂಪನಿಗಳ ಪಾಲಾಯಿತು. ಮಗುವನ್ನು ಹೆತ್ತು ಸಾಕಿದವನಿಗೆ ಅದರ ಮದುವೆಗೆ ಕರೆ ಬಾರದಂತಾಯಿತು. 1946ರಲ್ಲಿ ಆತ ರಾಜೀನಾಮೆ ಕೊಟ್ಟನು. 1948ರಲ್ಲಿ ಒಂದು ಲಕ್ಷ ಪೌಂಡು ಬಹುಮಾನವೂ ಸರ್ ಪದವಿಯೂ ಬಂದವು. ಅದೇ ವರ್ಷ ಆರೋಗ್ಯ ಕೆಟ್ಟು ವಾಯುಪಡೆಯನ್ನು ಬಿಟ್ಟನು.

ಅನಂತರ ನಾಲ್ಕು ವರ್ಷ ಆತ ಬ್ರಿಟನ್ನಿನ ನಾಗರಿಕ ವಿಮಾನ ಸಂಸ್ಥೆಗೆ ಸಲಹೆಗಾರನಾಗಿದ್ದನು. 1952ರ ಮೇ 2ರಂದು ಆ ಸಂಸ್ಥೆಯ ಕಾಮೆಟ್ ವಿಮಾನ ಲಂಡನ್ನಿನಿಂದ ಜೊಹಾನ್ಸ್‌ಬರ್ಗಿಗೆ ಹೊರಟಿತು. ಟಿಕೆಟ್ಟು ಕೊಂಡ ಪ್ರಯಾಣಿಕರು ಜೆಟ್ ವಿಮಾನದಲ್ಲಿ ಕುಳಿತದ್ದು ಅಂದೇ ಮೊದಲು. ಕ್ರಾನ್‌ವೆಲ್ಲಿನ ಪ್ರಬಂಧ ಇಪ್ಪತ್ತನಾಲ್ಕು ವರ್ಷಗಳ ಮೇಲೆ ನಿಜವಾಯಿತು. ಆದರೆ 1954ರಲ್ಲಿ ಎರಡು ಕಾಮೆಟ್ಟುಗಳು ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿದ್ದವು. ದೋಷ ಎಂಜಿನ್ನಿನದಲ್ಲ. ಎತ್ತರದಲ್ಲಿ ಉಸಿರಾಡಲು ವಿಮಾನದೊಳಗೆ ಗಾಳಿಯನ್ನು ಒತ್ತಿ ತುಂಬುತ್ತಾರೆ. ಪ್ರತಿ ಹಾರಾಟದಲ್ಲೂ ಅದರ ಮೈ ಉಬ್ಬಿ ಇಳಿಯುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದಾಗ ತುಂಡಾಗುವಂತೆ, ಲೋಹ ದಣಿದು ಬಿರಿದಿತ್ತು. ಇಡೀ ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು, ಒತ್ತಡವನ್ನು ಮತ್ತೆ ಮತ್ತೆ ಏರಿಳಿಸಿ ಆ ಸತ್ಯವನ್ನು ಕಂಡುಕೊಂಡರು. ಯಂತ್ರ ಸರಳವಾದರೆ ಎಚ್ಚರವನ್ನು ಸಡಿಲಿಸಬಹುದೆಂಬ ಭ್ರಮೆಗೆ ಅಲ್ಲಿಗೆ ತೆರೆ ಬಿತ್ತು.

ಇಂದು ಆ ಎಚ್ಚರ ಒಂದು ಶಾಸ್ತ್ರವೇ ಆಗಿದೆ. ಪ್ರತಿ ಹಾರಾಟಕ್ಕೆ ಮುನ್ನ ಸುತ್ತು ಬಂದು ನೋಡುವುದು ಅದರ ಮೊದಲ ಮೆಟ್ಟಲು. ನಿರ್ದಿಷ್ಟ ಗಂಟೆಗಳ ಹಾರಾಟದ ಮೇಲೆ ಒಂದು ತಪಾಸಣೆ; ಕೆಲವು ವರ್ಷಗಳಿಗೊಮ್ಮೆ ಆಸನ, ನೆಲ, ಒಳಗೋಡೆಗಳನ್ನೆಲ್ಲ ಕಳಚಿ ಬಿರುಕಿಗಾಗಿ ಲೋಹದ ಮೈಯನ್ನು ಸೋಸಿ ನೋಡುವ ದೊಡ್ಡ ತಪಾಸಣೆ. ಎಂಜಿನ್ನಿನ ಎಣ್ಣೆಯ ದಾರಿಯಲ್ಲಿ ಅಯಸ್ಕಾಂತವನ್ನಿಟ್ಟಿರುತ್ತಾರೆ. ಒಳಗೆ ಎಲ್ಲಿಯಾದರೂ ಉಕ್ಕು ಸವೆದರೆ ಅದರ ಚೂರು ಅಲ್ಲಿ ಅಂಟಿ ಗುಟ್ಟನ್ನು ಹೊರಗೆಡಹುತ್ತದೆ. ವೈದ್ಯರು ಹೊಟ್ಟೆಯೊಳಗೆ ಇಳಿಬಿಡುವಂಥ ತೆಳು ನಳಿಗೆಯನ್ನು ಎಂಜಿನ್ನಿನೊಳಕ್ಕೆ ತೂರಿಸಿ, ಅದನ್ನು ಬಿಚ್ಚದೆಯೇ ಟರ್ಬೈನಿನ ಅಲಗುಗಳನ್ನು ನೋಡುತ್ತಾರೆ. ಆ ಅಲಗುಗಳೋ, ತಮ್ಮ ಲೋಹ ಕರಗುವ ಕಾವಿಗಿಂತ ಹೆಚ್ಚು ಬಿಸಿಯಾದ ಗಾಳಿಯಲ್ಲಿ ನಿಂತು ತಿರುಗುತ್ತವೆ. ಅವುಗಳ ಒಳಗಿನ ಸಣ್ಣ ರಂಧ್ರಗಳಲ್ಲಿ ಹರಿಯುವ ತಂಪುಗಾಳಿಯೂ ಮೇಲಿನ ಲೇಪವೂ ಅವನ್ನು ಕಾಯುತ್ತವೆ. ಅಂದಿನ ತಜ್ಞರ ಆಕ್ಷೇಪಕ್ಕೆ ಸಿಕ್ಕ ಉತ್ತರ ಇದು.

ಎಂಜಿನ್ನಿನ ಮುಂದೆ ಕಾಣುವ ದೊಡ್ಡ ಪಂಖದ ಹಿಂದಿರುವುದೂ ವಿಟ್ಲ್ 1936ರಲ್ಲಿಯೇ ಪೇಟೆಂಟು ಮಾಡಿಸಿದ ಒಂದು ಆಲೋಚನೆ. ಒಳಸೆಳೆದ ಗಾಳಿಯೆಲ್ಲ ಬೆಂಕಿಯ ಮೂಲಕ ಹಾಯಬೇಕಾಗಿಲ್ಲ; ಹೆಚ್ಚಿನ ಗಾಳಿಯನ್ನು ಹೊರಬದಿಯಿಂದಲೇ ಹಿಂದಕ್ಕೆ ದೂಡಿದರೆ ಇಂಧನ ಉಳಿಯುತ್ತದೆ. ಕ್ರಾನ್‌ವೆಲ್ಲಿನಲ್ಲಿ ಹಾರಿದ ಎಂಜಿನ್ನಿನ ನೂಕುಬಲ 860 ಪೌಂಡು. ಇಂದಿನ ದೊಡ್ಡ ಎಂಜಿನ್ನುಗಳದು ಒಂದು ಲಕ್ಷ ಪೌಂಡಿಗೂ ಮಿಕ್ಕಿದೆ. ನಮ್ಮ ಬೆಂಗಳೂರಿಗೂ ಆ ವಂಶದ ನಂಟು ಹಳೆಯದು. ಇಲ್ಲಿಯ ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ಎಂಜಿನ್ ವಿಭಾಗ 1957ರಲ್ಲಿ ಆರಂಭವಾದದ್ದು ಆರ್ಫಿಯಸ್ ಎಂಬ ಬ್ರಿಟಿಷ್ ಜೆಟ್ ಎಂಜಿನ್ನನ್ನು ತಯಾರಿಸಲೆಂದೇ.

ವಿಟ್ಲ್ 1976ರಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿದನು. ಅಲ್ಲಿಯ ನೌಕಾ ಅಕಾಡೆಮಿಯಲ್ಲಿ ಸಂಶೋಧನ ಪ್ರಾಧ್ಯಾಪಕನಾದನು. ಒಂದು ಕಾಲಕ್ಕೆ ಶತ್ರುದೇಶದವನಾಗಿದ್ದ ಓಹೈನನೊಡನೆ 1991ರಲ್ಲಿ ಎಂಜಿನಿಯರಿಂಗಿನ ಡ್ರೇಪರ್ ಪ್ರಶಸ್ತಿಯನ್ನು ಹಂಚಿಕೊಂಡನು. 1996ರ ಆಗಸ್ಟಿನಲ್ಲಿ ಮೇರಿಲೆಂಡಿನಲ್ಲಿ ತೀರಿಕೊಂಡನು. ಚಿತಾಭಸ್ಮವನ್ನು ವಿಮಾನದಲ್ಲಿ ತಂದು ಕ್ರಾನ್‌ವೆಲ್ಲಿನ ಚರ್ಚಿನಲ್ಲಿ ಇರಿಸಿದರು.

ಆ ರಾತ್ರಿಯ ಮೆಕ್ಯಾನಿಕ್ ಎಂಜಿನ್ನಿನ ಬಾಯಿಂದ ತಲೆ ಹೊರತೆಗೆದು, ಟಾರ್ಚು ಆರಿಸಿ, ಪುಸ್ತಕವೊಂದರಲ್ಲಿ ಏನನ್ನೋ ಬರೆದು ರುಜು ಹಾಕಿದನು. ನಮ್ಮೆಲ್ಲರ ಪ್ರಾಣಕ್ಕೆ ಆ ರುಜುವೇ ಹೊಣೆ. ಅವನಿಗೆ ವಿಟ್ಲನ ಹೆಸರು ತಿಳಿದಿತ್ತೋ ಇಲ್ಲವೋ, ಕೇಳುವ ಅವಕಾಶ ನನಗೆ ದೊರೆಯಲಿಲ್ಲ. ವಿಮಾನವೇರಿ ಕುಳಿತಾಗ ರೆಕ್ಕೆಯಡಿಯ ಎಂಜಿನ್ ಮೆಲ್ಲನೆ ತಿರುಗತೊಡಗಿ ಅದರ ಕೂಗು ಏರಿತು. ಪಕ್ಕದಲ್ಲಿದ್ದ ಬಾಲಕನೊಬ್ಬ ಅದು ಹೇಗೆ ಓಡುತ್ತದೆಂದು ತನ್ನ ತಾಯಿಯನ್ನು ಕೇಳಿದನು. ನಾನು ಅವನಿಗೆ ಬಲೂನಿನ ಮಾತು ಹೇಳಲಿಲ್ಲ. ಗಿಡ್ಡನೆಂದು ಎರಡು ಸಲ ಹಿಂದಿರುಗಿದ ಹುಡುಗನಿಂದ ಆರಂಭಿಸಿದೆ.