ಹೆಣ್ಣಿನ ನೋವಿಗೆ ಕನ್ನಡದ ಮಾತು ಕೊಟ್ಟ ವೈದ್ಯೆ ಡಾ. ಅನುಪಮಾ ನಿರಂಜನ

ಇಂಡಿಯ ಬಸ್ ನಿಲ್ದಾಣದ ಆಸುಪಾಸಿನಲ್ಲಾಗಲಿ, ಸಿಂದಗಿಯ ಬಜಾರದಲ್ಲಾಗಲಿ, ಮುದ್ದೇಬಿಹಾಳ ಅಥವಾ ಬಸವನ ಬಾಗೇವಾಡಿಯ ಮುಖ್ಯ ರಸ್ತೆಯಲ್ಲಾಗಲಿ, ಔಷಧಿ ಅಂಗಡಿಯ ಮುಂದೆ ಒಂದು ದೃಶ್ಯ ಸಾಮಾನ್ಯ. ಹಳ್ಳಿಯಿಂದ ಬಂದ ಹೆಣ್ಣುಮಗಳೊಬ್ಬಳು ಸೆರಗು ಬಿಗಿಹಿಡಿದು ಪಕ್ಕಕ್ಕೆ ನಿಂತಿರುತ್ತಾಳೆ. ಗಂಡಸರು ಒಬ್ಬೊಬ್ಬರಾಗಿ ಹೋದ ಮೇಲೆ ಮುಂದೆ ಬಂದು, ತಗ್ಗಿದ ದನಿಯಲ್ಲಿ ಹೊಟ್ಟೆನೋವಿಗೆ ಗುಳಿಗೆ ಕೇಳುತ್ತಾಳೆ. ಅವಳ ತೊಂದರೆ ಹಲವು ಸಲ ಹೊಟ್ಟೆಯದಲ್ಲ. ಬಿಳಿಮುಟ್ಟಿನದು, ಅತಿಯಾದ ರಕ್ತಸ್ರಾವದ್ದು ಅಥವಾ ಉರಿಮೂತ್ರದ್ದು. ಅದನ್ನು ಹೇಳಲು ಅವಳಿಗೆ ನಾಚಿಕೆ, ಕೇಳಲು ಅಂಗಡಿಯವರಿಗೆ ಸಂಕೋಚ. ಕಾಗದದ ಪೊಟ್ಟಣದಲ್ಲಿ ನಾಲ್ಕು ಗುಳಿಗೆಗಳು ಕೈ ಬದಲಾಗುತ್ತವೆ. ರೋಗ ಮಾತ್ರ ಇದ್ದಲ್ಲಿಯೇ ಇರುತ್ತದೆ.

ಈ ಮೌನವನ್ನು ಕನ್ನಡದಲ್ಲಿ ಮುರಿಯಲು ಜೀವಮಾನವಿಡೀ ದುಡಿದವರು ಡಾ. ಅನುಪಮಾ ನಿರಂಜನ. ವೃತ್ತಿಯಿಂದ ವೈದ್ಯೆ, ಪ್ರವೃತ್ತಿಯಿಂದ ಕಾದಂಬರಿಗಾರ್ತಿ. ಅವರ ಕಾದಂಬರಿಗಳನ್ನು ನೆನೆಯುವವರು ಇಂದಿಗೂ ಅನೇಕರಿದ್ದಾರೆ. ಆದರೆ ಮದುವೆಯ ಹೊಸ್ತಿಲಲ್ಲಿ ನಿಂತ ಹುಡುಗಿಗೆ, ಮೊದಲ ಬಸುರಿಗೆ, ಆಗಷ್ಟೇ ಋತುಮತಿಯಾದ ಕಿಶೋರಿಗೆ ಅವರು ಬರೆದಿಟ್ಟ ಪುಸ್ತಕಗಳ ಋಣ ಇನ್ನೂ ದೊಡ್ಡದು.

ವೆಂಕಟಲಕ್ಷ್ಮಿ ಅನುಪಮಾ ಆದದ್ದು

ಅನುಪಮಾ ಅವರು 1934ರಲ್ಲಿ ಮಲೆನಾಡಿನ ತೀರ್ಥಹಳ್ಳಿಯಲ್ಲಿ ಜನಿಸಿದರು. ತಂದೆತಾಯಿ ಇಟ್ಟ ಹೆಸರು ವೆಂಕಟಲಕ್ಷ್ಮಿ. ಹೆಣ್ಣುಮಕ್ಕಳು ಪ್ರೌಢಶಾಲೆ ಮುಗಿಸುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ಅವರು ಮೈಸೂರಿನಲ್ಲಿ ವೈದ್ಯಕೀಯ ಶಿಕ್ಷಣ ಪಡೆದರು. ಬಳಿಕ ಪ್ರಗತಿಶೀಲ ಸಾಹಿತ್ಯ ಚಳವಳಿಯ ಪ್ರಮುಖರಲ್ಲೊಬ್ಬರಾದ ನಿರಂಜನರನ್ನು ಕೈಹಿಡಿದರು. ಕಯ್ಯೂರಿನ ರೈತ ಹೋರಾಟವನ್ನು ಚಿರಸ್ಮರಣೆ ಕಾದಂಬರಿಯಾಗಿಸಿದ ನಿರಂಜನರ ಮೂಲ ಹೆಸರು ಕುಳಕುಂದ ಶಿವರಾಯ. ತೇಜಸ್ವಿನಿ ಮತ್ತು ಸೀಮಂತಿನಿ ದಂಪತಿಯ ಇಬ್ಬರು ಪುತ್ರಿಯರು.

ಅನುಪಮಾ ಧಾರವಾಡದಲ್ಲಿಯೂ ಬೆಂಗಳೂರಿನಲ್ಲಿಯೂ ವೈದ್ಯವೃತ್ತಿ ನಡೆಸಿದರು. ಮಲೆನಾಡಿನ ಹುಡುಗಿಗೆ ಧಾರವಾಡವು ಬಯಲುಸೀಮೆಯ ಬೇರೊಂದು ಕನ್ನಡವನ್ನೂ ಬೇರೊಂದು ಬದುಕನ್ನೂ ಪರಿಚಯಿಸಿತು. ಅಂದಿನ ವಿಜಾಪುರ, ಇಂದಿನ ವಿಜಯಪುರ ಜಿಲ್ಲೆಯೂ ಧಾರವಾಡದಂತೆಯೇ 1956ರ ಏಕೀಕರಣದವರೆಗೆ ಮುಂಬಯಿ ರಾಜ್ಯದಲ್ಲಿದ್ದ ನಾಡು. ಇಲ್ಲಿ ಗರ್ಭಕೋಶಕ್ಕೆ ಗರ್ಭಚೀಲವೆಂಬ ಹೆಸರು. ಮುಟ್ಟಾದವಳು ಹೊರಗೆ ಕೂಡುವವಳು. ವೈದ್ಯಕೀಯ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಕಲಿತ ಶಾಸ್ತ್ರವನ್ನು ಹೀಗೆ ಮಾತನಾಡುವ ಹೆಂಗಸರಿಗೆ ತಿಳಿಹೇಳುವುದೇ ಕನ್ನಡನಾಡಿನ ವೈದ್ಯೆಯ ಮುಂದಿದ್ದ ಸವಾಲು.

ದವಾಖಾನೆಯಿಂದ ಪುಸ್ತಕಕ್ಕೆ

ವೈದ್ಯರು ಒಂದು ದಿನದಲ್ಲಿ ನೋಡಬಹುದಾದ ರೋಗಿಗಳಿಗೆ ಮಿತಿಯುಂಟು. ಪುಸ್ತಕಕ್ಕೆ ಆ ಮಿತಿಯಿಲ್ಲ. ದಾಂಪತ್ಯ ದೀಪಿಕೆ, ತಾಯಿ ಮಗು, ವಧುವಿಗೆ ಕಿವಿಮಾತು, ಕೇಳು ಕಿಶೋರಿ, ಸ್ತ್ರೀ ಸ್ವಾಸ್ಥ್ಯ ಸಂಹಿತೆ, ಆರೋಗ್ಯ ದರ್ಶನ - ಈ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಹೆಣ್ಣಿನ ಬಾಳಿನ ಒಂದೊಂದು ಮೆಟ್ಟಿಲಿಗೂ ಒಂದೊಂದು ಕೈದೀವಿಗೆಯನ್ನು ಅವರು ಹಿಡಿದಂತೆ ತೋರುತ್ತದೆ. ಋತುಚಕ್ರ, ಸಮಾಗಮ, ಗರ್ಭಧಾರಣೆ, ಹೆರಿಗೆ, ಸಂತಾನ ನಿಯಂತ್ರಣ - ಮನೆಯ ಹಿರಿಯರು ಬಾಯಿಬಿಡದ, ಶಾಲೆಯ ಪಾಠದಲ್ಲಿ ಪುಟ ಮಗುಚಿ ಮುಂದೆ ಹೋಗುತ್ತಿದ್ದ ವಿಷಯಗಳಿವು. ಹೆಣ್ಣೊಬ್ಬಳು ತನ್ನ ಹೆಸರು ಹಾಕಿ ಇವನ್ನು ಕನ್ನಡದಲ್ಲಿ ಬರೆಯುವುದು ಆ ದಿನಗಳಲ್ಲಿ ಸಣ್ಣ ಧೈರ್ಯವಾಗಿರಲಿಲ್ಲ.

ಅದರ ಅಗತ್ಯವಂತೂ ಕಣ್ಣೆದುರೇ ಇತ್ತು. ಅನುಪಮಾ ಅವರ ಸಮಕಾಲೀನೆ, ಹೆಣ್ಣಿನ ಮನಸ್ಸಿನ ಒಳತೋಟಿಗಳನ್ನು ಕಾದಂಬರಿಗೆ ತಂದ ತ್ರಿವೇಣಿ 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಮೈಸೂರಿನಂಥ ನಗರದ, ವಿದ್ಯಾವಂತ ಕುಟುಂಬದ ಲೇಖಕಿಗೇ ಬಾಣಂತನ ಸಾವು ತಂದಿತು. ಹಾಗಿರುವಾಗ ದವಾಖಾನೆಯಿಂದ ಹತ್ತಾರು ಮೈಲು ದೂರದ ಹಳ್ಳಿಯ ಬಾಣಂತಿಯ ಪಾಡನ್ನು ಊಹಿಸಬಹುದು.

ಗರ್ಭಪಾತದ ಕಾನೂನಿನ ಸ್ಥಿತಿಯೂ ಗಮನಾರ್ಹ. ಅನುಪಮಾ ವೃತ್ತಿಗೆ ಬಂದಾಗ ತಾಯಿಯ ಪ್ರಾಣ ಉಳಿಸುವ ಸಂದರ್ಭವೊಂದನ್ನು ಬಿಟ್ಟು ಗರ್ಭಪಾತವು ಅಪರಾಧವಾಗಿತ್ತು. ವೈದ್ಯಕೀಯ ಗರ್ಭಪಾತ ಕಾಯ್ದೆಗೆ ಸಂಸತ್ತು ಒಪ್ಪಿಗೆ ನೀಡಿದ್ದು 1971ರಲ್ಲಿ, ಅದು ಜಾರಿಗೆ ಬಂದದ್ದು 1972ರ ಏಪ್ರಿಲ್‌ನಲ್ಲಿ. ಅದಕ್ಕೆ ಮೊದಲು ಬೇಡದ ಬಸುರಿಗೆ ಕಳ್ಳ ಮದ್ದು, ನಾಟಿ ಕಡ್ಡಿ ಮತ್ತು ನಂಜು - ಇವಿಷ್ಟೇ ಅನೇಕರ ಪಾಲಿಗೆ ಉಳಿದಿದ್ದವು.

ಗುಳಿಗೆ ಬದಲಾಗಿದೆ, ಸಂಕೋಚ ಬದಲಾಗಿಲ್ಲ

ಅನುಪಮಾ ಅವರ ಪುಸ್ತಕಗಳು ಬಂದ ಕಾಲದ ಔಷಧಗಳು ಬೇರೆ, ಇಂದಿನವು ಬೇರೆ. ಅಂದು ತಿಳಿವಳಿಕೆಯೂ ಔಷಧವೂ ವಿರಳವಾಗಿದ್ದವು. ಇಂದು ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿಯೂ ಗುಳಿಗೆಗಳ ರಾಶಿಯಿದೆ. ತಿಳಿವಳಿಕೆ ಮಾತ್ರ ಅದೇ ಪ್ರಮಾಣದಲ್ಲಿ ಬೆಳೆದಿಲ್ಲ. ಯಾವುದು ಸಹಜ, ಯಾವುದಕ್ಕೆ ಅಂಗಡಿಯ ಔಷಧ ಸಾಕು, ಯಾವುದನ್ನು ವೈದ್ಯರಿಗೆ ತೋರಿಸಲೇಬೇಕು ಎಂಬ ವಿವೇಕವನ್ನು ಓದುಗಳಲ್ಲಿ ಮೂಡಿಸುವುದೇ ಅವರ ಬರವಣಿಗೆಯ ಮಾರ್ಗವಾಗಿತ್ತು. ಆ ವಿವೇಕಕ್ಕೆ ಇಂದಿನ ಉದಾಹರಣೆಗಳನ್ನು ನೋಡಬಹುದು.

ಬಿಳಿಮುಟ್ಟನ್ನೇ ತೆಗೆದುಕೊಳ್ಳೋಣ. ಋತುಚಕ್ರದ ನಡುವೆ ಬರುವ ತಿಳಿಯಾದ, ದುರ್ವಾಸನೆಯಿಲ್ಲದ ಸ್ರಾವ ರೋಗವೇ ಅಲ್ಲ. ಒಡೆದ ಮೊಸರಿನಂತಿದ್ದು ತುರಿಕೆಯೂ ಇದ್ದರೆ ಅದು ಬಹುಮಟ್ಟಿಗೆ ಶಿಲೀಂಧ್ರದ ಸೋಂಕು. ಕ್ಲೋಟ್ರಿಮಜೋಲ್‌ನಂಥ ಔಷಧಕ್ಕೆ ಬಗ್ಗುತ್ತದೆ. ಮೀನಿನಂಥ ವಾಸನೆಯಿದ್ದರೆ ಕಾರಣ ಬೇರೆ, ಔಷಧವೂ ಬೇರೆ. ಜ್ವರ, ಕಿಬ್ಬೊಟ್ಟೆ ನೋವು ಅಥವಾ ರಕ್ತ ಕಾಣಿಸಿಕೊಂಡರೆ, ಬಸುರಿಯಾಗಿದ್ದರೆ, ಮುಟ್ಟು ನಿಂತ ಮೇಲೆ ಸ್ರಾವ ಬಂದರೆ ಅಂಗಡಿಯಲ್ಲಿ ನಿಲ್ಲದೆ ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು. ಪದೇ ಪದೇ ಮರುಕಳಿಸಿದರೆ ಸಕ್ಕರೆ ಕಾಯಿಲೆಯ ಪರೀಕ್ಷೆಯೂ ಅಗತ್ಯ.

ಈ ಒಂದು ವಿವರ ತಿಳಿಯದಿದ್ದರೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಸಿಂದಗಿಯ ನೆರೆಯ ಕಲಬುರಗಿ ಜಿಲ್ಲೆ ಕಂಡಿದೆ. ಬಿಳಿಮುಟ್ಟು, ಸೊಂಟನೋವು ಎಂದು ಆಸ್ಪತ್ರೆಗೆ ಹೋದ ತಾಂಡಾಗಳ ಅನೇಕ ಲಂಬಾಣಿ ಹೆಂಗಸರು ಚಿಕ್ಕ ವಯಸ್ಸಿನಲ್ಲಿಯೇ ಗರ್ಭಕೋಶವನ್ನು ಕಳೆದುಕೊಂಡ ಸಂಗತಿ 2015ರ ಸುಮಾರಿಗೆ ಬೆಳಕಿಗೆ ಬಂದು ರಾಜ್ಯವನ್ನೇ ತಲ್ಲಣಗೊಳಿಸಿತು. ಗುಳಿಗೆಯಲ್ಲಿ ಗುಣವಾಗಬಹುದಾದ ತೊಂದರೆ ಶಸ್ತ್ರಚಿಕಿತ್ಸೆಯಲ್ಲಿ ಕೊನೆಗೊಂಡಿತ್ತು.

ಮುಟ್ಟಿನ ನೋವಿನದು ಇನ್ನೊಂದು ಕಥೆ. ಮೊದಲ ಒಂದೆರಡು ದಿನ ಕಿಬ್ಬೊಟ್ಟೆ ಹಿಂಡುವುದು ಹೆಚ್ಚಿನವರಲ್ಲಿ ಸಹಜ. ಬಿಸಿನೀರಿನ ಶಾಖ, ಊಟದ ನಂತರ ಒಂದು ನೋವಿನ ಗುಳಿಗೆ ಸಾಕಾಗುತ್ತದೆ. ನಮ್ಮಲ್ಲಿ ಅತಿಯಾಗಿ ಬಳಕೆಯಲ್ಲಿರುವ ಮೆಫೆನಾಮಿಕ್ ಆಮ್ಲದ ಗುಳಿಗೆಯ ಬಗ್ಗೆ ಭಾರತೀಯ ಔಷಧಕೋಶ ಆಯೋಗವು 2023ರ ನವೆಂಬರ್‌ನಲ್ಲಿ ಎಚ್ಚರಿಕೆ ನೀಡಿದೆ. ಅಪರೂಪಕ್ಕೆ ಕೆಲವರಲ್ಲಿ ಇದು ದದ್ದು, ಜ್ವರ, ಗ್ರಂಥಿಗಳ ಊತಗಳಿಂದ ಕೂಡಿದ ತೀವ್ರ ಅಲರ್ಜಿಯನ್ನು ತರಬಹುದು. ಹೊಟ್ಟೆಹುಣ್ಣು, ಆಸ್ತಮಾ, ಮೂತ್ರಪಿಂಡದ ತೊಂದರೆ ಇರುವವರು ಇಂಥ ಗುಳಿಗೆಗಳನ್ನು ತಾವಾಗಿ ನುಂಗಬಾರದು. ತಿಂಗಳಿಂದ ತಿಂಗಳಿಗೆ ನೋವು ಏರುತ್ತಿದ್ದರೆ ಕಾರಣ ಹುಡುಕಬೇಕೇ ಹೊರತು ಗುಳಿಗೆಯ ಸಂಖ್ಯೆ ಏರಿಸಬಾರದು.

ಜಾತ್ರೆ, ಮದುವೆ, ಯಾತ್ರೆಗಳಿಗಾಗಿ ಮುಟ್ಟನ್ನು ಮುಂದೂಡುವ ಗುಳಿಗೆಗೂ ಬೇಡಿಕೆಯಿದೆ. ನೊರೆಥಿಸ್ಟೆರೋನ್ ಎಂಬ ಈ ಹಾರ್ಮೋನನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳುವುದು ತರವಲ್ಲ; ರಕ್ತ ಹೆಪ್ಪುಗಟ್ಟುವ ತೊಂದರೆ, ಯಕೃತ್ತಿನ ರೋಗ ಇರುವವರಿಗೆ ಅದು ಅಪಾಯಕಾರಿ. ಇಲ್ಲಿ ಒಂದು ಮಾತು ನೆನಪಾಗುತ್ತದೆ. ಬಸವಣ್ಣನವರು ಹುಟ್ಟಿದ ನೆಲ ಬಾಗೇವಾಡಿ. ಮುಟ್ಟಿನ ಸೂತಕವೂ ಸೇರಿದಂತೆ ಐದು ಸೂತಕಗಳನ್ನು ಶರಣ ಪರಂಪರೆ ಹನ್ನೆರಡನೆಯ ಶತಮಾನದಲ್ಲಿಯೇ ನಿರಾಕರಿಸಿತ್ತು. ಎಂಟು ನೂರು ವರ್ಷಗಳ ನಂತರವೂ ಮುಟ್ಟಿಗೆ ಅಂಜಿ ಹೆಣ್ಣುಮಕ್ಕಳು ಗುಳಿಗೆ ನುಂಗುತ್ತಿರುವುದು ವಿಪರ್ಯಾಸ.

ತುರ್ತು ಗರ್ಭನಿರೋಧಕ ಲೆವೊನೊರ್ಜೆಸ್ಟ್ರೆಲ್ 2005ರಿಂದ ಚೀಟಿಯಿಲ್ಲದೆ ದೊರೆಯುತ್ತಿದೆ. ಸಂಪರ್ಕವಾದ 72 ಗಂಟೆಗಳೊಳಗೆ, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ತೆಗೆದುಕೊಳ್ಳಬೇಕಾದ ಔಷಧವಿದು. ಗರ್ಭಪಾತದ ಗುಳಿಗೆ ಬೇರೆಯೇ. ಅದನ್ನು ವೈದ್ಯರ ನಿಗಾದಲ್ಲಿಯೇ ಪಡೆಯಬೇಕೆಂದು ಕಾನೂನೂ ಹೇಳುತ್ತದೆ, ಶಾಸ್ತ್ರವೂ ಹೇಳುತ್ತದೆ. ಗರ್ಭವು ನಾಳದಲ್ಲಿ ಬೆಳೆಯುತ್ತಿದ್ದರೆ ಆ ಗುಳಿಗೆ ಕೆಲಸ ಮಾಡುವುದಿಲ್ಲ. ಗೊತ್ತಾಗುವಷ್ಟರಲ್ಲಿ ಪ್ರಾಣಕ್ಕೇ ಸಂಚಕಾರ ಬರಬಹುದು.

ಎಲ್ಲಕ್ಕಿಂತ ವ್ಯಾಪಕವಾದುದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ. 57ರಷ್ಟು, ಕರ್ನಾಟಕದಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಗರ್ಭಿಣಿಗೆ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲದ ಗುಳಿಗೆಯನ್ನು ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕೊಡುವುದು ಸರಕಾರಿ ಕಾರ್ಯಕ್ರಮದ ಕ್ರಮ. ಮಲ ಕಪ್ಪಾಯಿತೆಂದು ಹೆದರಿ ಅರ್ಧಕ್ಕೇ ಬಿಡುವವರು ಬಹಳ. ಅದರಲ್ಲಿ ಹೆದರುವಂಥದ್ದೇನೂ ಇಲ್ಲ. ಚಹಾದ ಜೊತೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ, ಲಿಂಬೆಯ ಪಾನಕದ ಜೊತೆಗಾದರೆ ಹೆಚ್ಚು. ಲಿಂಬೆಗೆ ಹೆಸರಾದ ಇಂಡಿಯ ಸೀಮೆಯಲ್ಲಿ ಇದಕ್ಕಾಗಿ ದೂರ ಹೋಗಬೇಕಾಗಿಲ್ಲ.

ಕಥೆಯಲ್ಲಿಯೂ ಅದೇ ಕಾಳಜಿ

ವೈದ್ಯಕೀಯ ಬರಹಗಳ ಜೊತೆಜೊತೆಗೆ ಅನುಪಮಾ ಅವರ ಕಾದಂಬರಿ ಕೃಷಿಯೂ ಸಾಗಿತ್ತು. ಅನಂತಗೀತ, ಸಂಕೋಲೆಯೊಳಗಿಂದ, ಶ್ವೇತಾಂಬರಿ, ಘೋಷ ಮೊದಲಾದ ಕಾದಂಬರಿಗಳು ಓದುಗರನ್ನು ಗಳಿಸಿದವು. ಋಣಮುಕ್ತಳು ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1984ರಲ್ಲಿ ತೆರೆಗೆ ತಂದರು. ಯಯಾತಿಯ ಮಗಳನ್ನು ಕುರಿತ ಮಾಧವಿ ಕಾದಂಬರಿಯಂತೂ ವಿಶಿಷ್ಟವಾದುದು. ಗುರುದಕ್ಷಿಣೆಯ ಕುದುರೆಗಳಿಗಾಗಿ ರಾಜನಿಂದ ರಾಜನಿಗೆ ಒಪ್ಪಿಸಲ್ಪಟ್ಟು, ಪ್ರತಿಯೊಬ್ಬನಿಗೂ ಮಗನನ್ನು ಹೆತ್ತುಕೊಟ್ಟ ಮಹಾಭಾರತದ ಹೆಣ್ಣಿನ ಕಥೆಯದು. ಹೆಣ್ಣಿನ ದೇಹ ಯಾರ ಸ್ವತ್ತು ಎಂಬ ಪ್ರಶ್ನೆ ಆರೋಗ್ಯ ಪುಸ್ತಕದ ಹಿಂದೆಯೂ ಇತ್ತು, ಪುರಾಣದ ಕಾದಂಬರಿಯ ಹಿಂದೆಯೂ ಇತ್ತು. ವರ್ಷದ ಪ್ರತಿದಿನಕ್ಕೆ ಒಂದರಂತೆ ಮಕ್ಕಳಿಗಾಗಿ ರಚಿಸಿದ ದಿನಕ್ಕೊಂದು ಕಥೆ ಸಂಪುಟಗಳು ಮನೆಮಾತಾದವು. ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿಯೂ ಅವರನ್ನು ಅರಸಿ ಬಂತು.

ವೈದ್ಯೆಯೇ ರೋಗಿಯಾದಾಗ

ಬದುಕು ಸುಗಮವಾಗಿರಲಿಲ್ಲ. 1970ರ ದಶಕದ ಆರಂಭದಲ್ಲಿ ನಿರಂಜನರಿಗೆ ಪಾರ್ಶ್ವವಾಯು ಬಡಿಯಿತು. ಆ ಸ್ಥಿತಿಯಲ್ಲಿಯೇ ಅವರು 25 ಸಂಪುಟಗಳ ವಿಶ್ವಕಥಾಕೋಶದಂಥ ಬೃಹತ್ ಯೋಜನೆಯನ್ನು ಸಂಪಾದಿಸಿದರು. ಅದರ ಹಿಂದೆ ಪತ್ನಿಯ ಆರೈಕೆಯ ಬಲವಿತ್ತು. ಮನೆ, ರೋಗಿಗಳು, ಬರವಣಿಗೆ ಎಂಬ ಮೂರು ನೊಗಗಳನ್ನು ಅವರು ಒಟ್ಟಿಗೆ ಹೊತ್ತರು.

ಮುಂದೆ ಸ್ತನ ಕ್ಯಾನ್ಸರ್ ಅವರನ್ನೇ ಹಿಡಿಯಿತು. ಜೀವಮಾನವಿಡೀ ಇತರ ಹೆಂಗಸರಿಗೆ ದೇಹದ ಸಂಕೇತಗಳನ್ನು ಅಲಕ್ಷಿಸಬೇಡಿರೆಂದು ತಿಳಿಹೇಳಿದ ವೈದ್ಯೆ ಈಗ ಚಿಕಿತ್ಸೆಯ ಹಾಸಿಗೆಯಲ್ಲಿದ್ದರು. ಆದರೂ ಲೇಖನಿ ಕೆಳಗಿಡಲಿಲ್ಲ. ನೆನಪು: ಸಿಹಿ-ಕಹಿ ಎಂಬ ಆತ್ಮಕಥನದಲ್ಲಿ ತಮ್ಮ ಬದುಕಿನ ಎರಡೂ ರುಚಿಗಳನ್ನು ದಾಖಲಿಸಿದರು. 1991ರಲ್ಲಿ, ಅರುವತ್ತು ತುಂಬುವ ಮೊದಲೇ, ಇಹಲೋಕ ತ್ಯಜಿಸಿದರು. ಕರ್ನಾಟಕ ಲೇಖಕಿಯರ ಸಂಘವು ಅವರ ಹೆಸರಿನಲ್ಲಿ ಅನುಪಮಾ ಪ್ರಶಸ್ತಿಯನ್ನು ಸ್ಥಾಪಿಸಿ ಹಿರಿಯ ಲೇಖಕಿಯರನ್ನು ಗೌರವಿಸುತ್ತಾ ಬಂದಿದೆ.

ಪ್ರಶಸ್ತಿ ಸಾಹಿತಿಗೆ ಸಂದ ಗೌರವ. ವೈದ್ಯೆಗೆ ಸಲ್ಲಬೇಕಾದ ಗೌರವ ಔಷಧಿ ಅಂಗಡಿಯ ಮುಂದಿದೆ. ಅಂಗಡಿಯ ಫಾರ್ಮಸಿಸ್ಟ್ ರೋಗನಿರ್ಣಯ ಮಾಡುವಂತಿಲ್ಲ, ಎಚ್ ಅನುಸೂಚಿಯ ಔಷಧವನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. ಆದರೆ ಎಷ್ಟು ದಿನದಿಂದ ತೊಂದರೆ, ಜ್ವರವಿದೆಯೇ, ಬಸುರಿಯೇ ಎಂದು ತಗ್ಗಿದ ದನಿಯಲ್ಲಿ ಮೂರು ಪ್ರಶ್ನೆ ಕೇಳಬಲ್ಲರು. ತಾಲ್ಲೂಕು ಆಸ್ಪತ್ರೆಯ ದಾರಿ ತೋರಬಲ್ಲರು. ಇಂಡಿಯಲ್ಲೋ ಮುದ್ದೇಬಿಹಾಳದಲ್ಲೋ ಒಬ್ಬ ಹೆಣ್ಣುಮಗಳು ಹೊಟ್ಟೆನೋವು ಎನ್ನದೆ ತನ್ನ ತೊಂದರೆಯ ನಿಜವಾದ ಹೆಸರನ್ನು ತಲೆಯೆತ್ತಿ ಹೇಳಿದ ದಿನ ಅನುಪಮಾ ಅವರ ದುಡಿಮೆ ಸಾರ್ಥಕವಾದಂತೆ.