ಕಾಯಕದ ನಡುವೆಯೇ ಶಿವಯೋಗ: ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು

ಕುಮಟಾ, ಹೊನ್ನಾವರ, ಭಟ್ಕಳ ಸೀಮೆಯ ಸದ್ಭಕ್ತರು ದರ್ಶನಕ್ಕೆ ಬಂದಾಗ ಅಡಿಕೆಗೆ ತಗುಲಿದ ಕೊಳೆರೋಗ, ಸಾಲದ ಕಂತು, ಮಕ್ಕಳ ಪರೀಕ್ಷೆ, ನಿದ್ರೆಯಿಲ್ಲದ ರಾತ್ರಿ ಇವುಗಳನ್ನೇ ಹೇಳಿಕೊಳ್ಳುತ್ತಾರೆ. ಯೋಗಾಭ್ಯಾಸ ಮಾಡಿರೆಂದರೆ, ಅದು ಬಿಡುವಿದ್ದವರಿಗೆ ತಕ್ಕದ್ದೆಂಬ ಉತ್ತರ ಬರುತ್ತದೆ. ಈ ಮಾತು ಕೇಳಿದಾಗಲೆಲ್ಲ ನಾವು ಪೂಜ್ಯ ಹಾನಗಲ್ಲ ಕುಮಾರ ಶಿವಯೋಗಿಗಳನ್ನು ನೆನೆಯುತ್ತೇವೆ.

ಪೂಜ್ಯರು 1867ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಜೋಯಿಸರ ಹರಳಹಳ್ಳಿಯಲ್ಲಿ ಜನಿಸಿದರು. ಆ ಸೀಮೆ ನಮ್ಮ ಕರಾವಳಿಗೆ ದೂರದ್ದಲ್ಲ. ಅಂದು ಧಾರವಾಡ ನಾಡಿನ ಹತ್ತಿ ಘಟ್ಟವಿಳಿದು ಕುಮಟಾ ಬಂದರಿಗೆ ಬರುತ್ತಿತ್ತು; ಕುಮಟಾ ಹತ್ತಿಯೆಂದೇ ಹೊರನಾಡುಗಳಲ್ಲಿ ಹೆಸರಾಗಿತ್ತು. ಪೂಜ್ಯರಿಗೆ ಹತ್ತು ತುಂಬುವ ವೇಳೆಗೆ 1876-78ರ ಭೀಕರ ಬರ ಆ ನಾಡನ್ನು ಕಾಡಿತು. ಮುಂದೆ ವೈರಾಗ್ಯದ ಹಾದಿ ಹಿಡಿದು, ಎಳಂದೂರು ಬಸವಲಿಂಗ ಸ್ವಾಮಿಗಳ ಸನ್ನಿಧಿಯಲ್ಲಿ ಶಿವಯೋಗ ಸಾಧನೆ ಮಾಡಿದರು. ಬಳಿಕ ಹಾನಗಲ್ಲ ವಿರಕ್ತಮಠದ ಪೀಠವನ್ನೇರಿದರು.

ಪೀಠವೇರಿದ ಮೇಲೆ ಅವರು ಹೊತ್ತ ಹೊರೆ ಸಾಮಾನ್ಯವಾದುದಲ್ಲ. ಸಮಾಜದಲ್ಲಿ ವಿದ್ಯೆ ಹಿಂದುಳಿದಿತ್ತು. ಗುರು-ವಿರಕ್ತರ ನಡುವೆ ಭೇದವಿತ್ತು. 1904ರಲ್ಲಿ ಅವರ ಪ್ರೇರಣೆಯಿಂದ ಧಾರವಾಡದಲ್ಲಿ ವೀರಶೈವ ಮಹಾಸಭೆ ಉದಯಿಸಿತು. 1909ರಲ್ಲಿ ಬಾದಾಮಿಯ ಸಮೀಪ, ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಅದರ ಪೋಷಣೆಗಾಗಿ ಜೋಳಿಗೆ ಹಿಡಿದು ಊರೂರು ಸಂಚರಿಸಿದರು. ದೃಷ್ಟಿಹೀನ ಬಾಲಕನೊಬ್ಬನನ್ನು ಮಡಿಲಿಗೆ ಹಾಕಿಕೊಂಡು ಸಂಗೀತ ಶಿಕ್ಷಣ ಕೊಡಿಸಿದರು; ಆ ಬಾಲಕನೇ ಗದುಗಿನ ಪಂಚಾಕ್ಷರ ಗವಾಯಿಗಳು.

ಇಷ್ಟೆಲ್ಲ ಭಾರ ಹೊತ್ತವರು ತಮ್ಮ ಸಂಸ್ಥೆಗೆ ಇಟ್ಟ ಹೆಸರಿನಲ್ಲಿಯೇ ಅವರ ಜೀವನದ ಮರ್ಮವಿದೆ. ಅಲ್ಲಿ ಗುರು ಮತ್ತು ವಿರಕ್ತ ಪರಂಪರೆಗಳೆರಡರ ವಟುಗಳೂ ಒಂದೆಡೆ ಕಲಿತರು. ಸಂಸ್ಕೃತ, ಕನ್ನಡ, ಸಂಗೀತಗಳೊಡನೆ ಆಸನ, ಪ್ರಾಣಾಯಾಮ, ಇಷ್ಟಲಿಂಗಪೂಜೆಗಳೂ ಅವರ ಶಿಕ್ಷಣದ ಭಾಗವಾದವು. ಗೋಶಾಲೆ ನಡೆಯಿತು, ವಿಭೂತಿ ಸಿದ್ಧವಾಯಿತು, ತಾಡವೋಲೆಗಳು ಸಂಗ್ರಹವಾದವು. ಯೋಗ ಗುಹೆಯಲ್ಲಿ ಅಡಗಲಿಲ್ಲ, ಕಾಯಕದ ಬೆನ್ನೆಲುಬಾಯಿತು. ಮಠಗಳನ್ನು ನಡೆಸಬೇಕಾದವನು ಮೊದಲು ತನ್ನ ಮನಸ್ಸನ್ನು ನಡೆಸಲು ಕಲಿಯಬೇಕೆಂಬುದು ಆ ಶಿಕ್ಷಣಕ್ರಮದಿಂದ ನಾವು ಗ್ರಹಿಸಿದ ಪಾಠ.

ಸಂಸಾರಿಗಳಿಗೂ ಈ ದಾರಿ ತೆರೆದಿದೆ. ಚಿಂತೆಗೊಳಗಾದಾಗ ಉಸಿರು ಮೇಲುಮೇಲಾಗಿ, ಬೇಗಬೇಗ ಆಡುತ್ತದೆ, ಎದೆಬಡಿತ ಹೆಚ್ಚುತ್ತದೆ. ಬುದ್ಧಿಪೂರ್ವಕವಾಗಿ ಉಸಿರನ್ನು ನಿಧಾನಗೊಳಿಸಿ, ಒಳಗೆಳೆಯುವುದಕ್ಕಿಂತ ತುಸು ದೀರ್ಘವಾಗಿ ಹೊರಬಿಟ್ಟರೆ ನರಮಂಡಲ ಶಾಂತವಾಗಿ ಎದೆಬಡಿತ ಇಳಿಯುತ್ತದೆ. ಇದನ್ನು ಇಂದಿನ ವೈದ್ಯಶಾಸ್ತ್ರವೂ ಒಪ್ಪುತ್ತದೆ. ನಮ್ಮ ಇಷ್ಟಲಿಂಗಪೂಜೆಯಲ್ಲಿ ಇದಕ್ಕೆ ಸಹಜವಾದ ಅವಕಾಶವಿದೆ. ಬೆನ್ನು ನೇರವಾಗಿಸಿ ಕುಳಿತು, ಎಡ ಅಂಗೈಯಲ್ಲಿ ಲಿಂಗವನ್ನಿರಿಸಿ, ದೃಷ್ಟಿಯನ್ನು ಅದರಲ್ಲಿ ನೆಡಬೇಕು. ಮೂಗಿನಿಂದ ಮೆಲ್ಲನೆ ಉಸಿರೆಳೆದು, ಷಡಕ್ಷರಿ ಮಂತ್ರವನ್ನು ಮನದಲ್ಲಿ ನೆನೆಯುತ್ತ ಇನ್ನೂ ಮೆಲ್ಲನೆ ಬಿಡಬೇಕು. ಮುಂಜಾನೆ ಹತ್ತು ನಿಮಿಷ ಸಾಕು. ಹೃದ್ರೋಗ, ಉಬ್ಬಸವುಳ್ಳವರೂ ಗರ್ಭಿಣಿಯರೂ ಉಸಿರು ಬಿಗಿಹಿಡಿಯಬಾರದು. ನಿದ್ರಾಹೀನತೆ, ಖಿನ್ನತೆ ಬಹುಕಾಲ ಕಾಡಿದರೆ ವೈದ್ಯರನ್ನು ಕಾಣಲು ಸಂಕೋಚಪಡಬಾರದು. ಪೂಜೆ ಔಷಧಕ್ಕೆ ವಿರೋಧಿಯಲ್ಲ.

ಪೂಜ್ಯರು 1930ರಲ್ಲಿ ಲಿಂಗೈಕ್ಯರಾದರು. ಅವರ ಗದ್ದುಗೆ ಶಿವಯೋಗಮಂದಿರದಲ್ಲಿಯೇ ಇದೆ. ಹತ್ತು ನಿಮಿಷದ ಪೂಜೆಯಿಂದ ಸಾಲ ತೀರುವುದಿಲ್ಲ, ಕೊಳೆರೋಗ ಹೋಗುವುದಿಲ್ಲ ಎಂಬುದನ್ನು ನಾವು ಬಲ್ಲೆವು. ಆದರೆ ಅವುಗಳನ್ನು ಎದುರಿಸುವ ಮನಸ್ಸು ನೆಲೆಗೊಳ್ಳುತ್ತದೆ. ಬಿಡುವು ದೊರೆತ ಮೇಲೆ ಯೋಗವೆಂದು ಪೂಜ್ಯರು ಕಾದಿದ್ದರೆ ಶಿವಯೋಗಮಂದಿರವೇ ಕಟ್ಟಲ್ಪಡುತ್ತಿರಲಿಲ್ಲ. ನಾಳಿನ ಮುಂಜಾವಿನಿಂದಲೇ ಸದ್ಭಕ್ತರು ಈ ಅಭ್ಯಾಸವನ್ನು ಆರಂಭಿಸಲೆಂದು ಹಾರೈಸುತ್ತೇವೆ.