ಗೆರೆ ಎಳೆದರೆ ಸಾಕು: ಹೆನ್ರಿ ತಾಜ್‌ಫೆಲ್ ಕಥೆ

ಅಮೆರಿಕದಲ್ಲಿ ದಾಖಲೆ ಇಲ್ಲದ ವಲಸಿಗರ ಬಗ್ಗೆ ಚರ್ಚೆ ಆದಾಗಲೆಲ್ಲ ಒಂದು ಮಾತು ಬಂದೇ ಬರತ್ತೆ: ಅವರು ನಮ್ಮ ಕೆಲಸ ಕಿತ್ಕೊಳ್ತಾರೆ. ಆದ್ರೆ ಏನೂ ಕಳ್ಕೊಳ್ಳದವರಿಗೂ ಸಿಟ್ಟು ಬರೋದು ಯಾಕೆ? ಇದಕ್ಕೆ ಅರ್ಧ ಉತ್ತರ ಕೊಟ್ಟವರು ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್.

ಹುಟ್ಟಿದ್ದು 1919ರಲ್ಲಿ, ಪೋಲೆಂಡಿನ ಒಂದು ಯಹೂದಿ ಮನೆಯಲ್ಲಿ. ಅಲ್ಲಿ ಯಹೂದಿಗಳಿಗೆ ಯೂನಿವರ್ಸಿಟಿ ಸೀಟು ಸಿಗೋದೇ ಕಷ್ಟ. ಹಾಗಾಗಿ ಕೆಮಿಸ್ಟ್ರಿ ಓದೋಕೆ ಫ್ರಾನ್ಸಿಗೆ ಹೋದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ. ಫ್ರೆಂಚ್ ಸೈನ್ಯ ಸೇರಿ, 1940ರಲ್ಲಿ ಜರ್ಮನ್ನರಿಗೆ ಸೆರೆಸಿಕ್ಕರು. ಪೋಲೆಂಡಿನವನು ಅನ್ನೋದನ್ನ ಮುಚ್ಚಿಟ್ಟು, ಫ್ರೆಂಚ್ ಪ್ರಜೆ ಅಂತ ಹೇಳ್ಕೊಂಡೇ ಐದು ವರ್ಷ ಕಳೆದರು. ನಿಜ ಗೊತ್ತಾಗಿದ್ರೆ ಬಹುಶಃ ಉಳೀತಿರಲಿಲ್ಲ. 1945ರಲ್ಲಿ ಬಿಡುಗಡೆಯಾದಾಗ ಹತ್ತಿರದ ಕುಟುಂಬದವರು ಯಾರೂ ಬದುಕಿರಲಿಲ್ಲ.

ಕೆಲವು ವರ್ಷ ಯುದ್ಧದ ಅನಾಥ ಮಕ್ಕಳು, ನಿರಾಶ್ರಿತರ ಜೊತೆ ಕೆಲಸ ಮಾಡಿದರು. ಆಮೇಲೆ ಇಂಗ್ಲೆಂಡಿಗೆ ಬಂದು ಮನಶ್ಶಾಸ್ತ್ರ ಓದಿ, 1967ರಲ್ಲಿ ಬ್ರಿಸ್ಟಲ್ ಯೂನಿವರ್ಸಿಟಿ ಪ್ರೊಫೆಸರ್ ಆದರು.

ಅವರ ಫೇಮಸ್ ಪ್ರಯೋಗ ಪ್ರಕಟವಾಗಿದ್ದು 1970ರಲ್ಲಿ. 14-15 ವರ್ಷದ ಶಾಲಾ ಹುಡುಗರಿಗೆ ಪರದೆ ಮೇಲೆ ಚುಕ್ಕೆಗಳನ್ನ ತೋರಿಸಿ, ಎಷ್ಟಿವೆ ಅಂತ ಅಂದಾಜು ಮಾಡಿಸಿದರು. ಜಾಸ್ತಿ ಹೇಳಿದವರು ಒಂದು ಗುಂಪು, ಕಮ್ಮಿ ಹೇಳಿದವರು ಇನ್ನೊಂದು ಅಂದರು. ಅಸಲಿಗೆ ಗುಂಪು ಮಾಡಿದ್ದು ಚೀಟಿ ಎತ್ತಿದ ಹಾಗೆ, ಲೆಕ್ಕಾಚಾರವೇ ಇಲ್ಲದೆ. ತನ್ನ ಗುಂಪಲ್ಲಿ ಯಾರಿದ್ದಾರೆ ಅಂತಲೂ ಹುಡುಗರಿಗೆ ಗೊತ್ತಿರಲಿಲ್ಲ. ಪ್ರತಿಯೊಬ್ಬನೂ ಬೇರೆ ಇಬ್ಬರಿಗೆ ದುಡ್ಡು ಹಂಚಬೇಕಿತ್ತು. ಆ ಹಂಚಿಕೆಯಲ್ಲಿ ಅವನಿಗೆ ಏನೂ ಇಲ್ಲ. ಆದ್ರೂ ಹೆಚ್ಚಿನವರು ತಮ್ಮ ಗುಂಪಿನವನಿಗೇ ಜಾಸ್ತಿ ಕೊಟ್ಟರು.

ಕ್ಲೇ, ಕಾಂಡಿನ್ಸ್ಕಿ ಎಂಬ ಕಲಾವಿದರ ಚಿತ್ರ ತೋರಿಸಿ ಮಾಡಿದ ಮುಂದಿನ ಪ್ರಯೋಗ ಇನ್ನೂ ವಿಚಿತ್ರ. ನಮ್ಮವರಿಗೆ ಸಿಗೋ ದುಡ್ಡು ಕಮ್ಮಿ ಆದ್ರೂ ಪರವಾಗಿಲ್ಲ, ಆ ಕಡೆಯವರಿಗಿಂತ ಜಾಸ್ತಿ ಇರಬೇಕು ಅನ್ನೋದರ ಕಡೆಗೇ ಹುಡುಗರು ವಾಲಿದರು.

ಅಂದ್ರೆ ತಾರತಮ್ಯಕ್ಕೆ ಹಳೇ ದ್ವೇಷವಾಗಲಿ, ನಷ್ಟವಾಗಲಿ ಬೇಕಾಗಿಲ್ಲ. ಗೆರೆ ಎಳೆದರೆ ಸಾಕು. ವಲಸಿಗರ ವಿಷಯದಲ್ಲಿ ಆ ಗೆರೆ ಒಂದು ಕಾಗದ. ಒಂದೇ ಹೊಲದಲ್ಲಿ ಒಂದೇ ಕೆಲಸ ಮಾಡೋ ಇಬ್ಬರಲ್ಲಿ ಕಾಗದ ಇದ್ದವನು ನಮ್ಮವನು, ಇಲ್ಲದವನು ಅಕ್ರಮ. ಸಂಬಳ, ಕಾನೂನಿನ ಬಗ್ಗೆ ನಿಜವಾದ ಚಿಂತೆಗಳೂ ಇರಬಹುದು. ಅವು ಬಗೆಹರಿದ ಮೇಲೂ ಸಿಟ್ಟು ಉಳಿದರೆ, ಆ ಉಳಿದ ಭಾಗವನ್ನ ಅರ್ಥ ಮಾಡಿಕೊಳ್ಳೋಕೆ ತಾಜ್‌ಫೆಲ್ ಬೇಕು.

ಅವರು ತೀರಿಕೊಂಡಿದ್ದು 1982ರಲ್ಲಿ. ಮಹಿಳೆಯರ ಜೊತೆ ಕೆಟ್ಟದಾಗಿ ನಡ್ಕೊಂಡಿದ್ದರು ಅನ್ನೋ ಆರೋಪಗಳು ಮುಂದೆ ಹೊರಬಂದು, ಅವರ ಹೆಸರಲ್ಲಿದ್ದ ಪ್ರಶಸ್ತಿಯಿಂದ ಆ ಹೆಸರನ್ನ ತೆಗೆದರು. ಅದನ್ನೂ ಮುಚ್ಚಿಡಬಾರದು. ಮೆಚ್ಚಿದ ವಿಜ್ಞಾನಿ ಅಂದ್ರೆ ನಮ್ಮ ಗುಂಪಿನವನೇ ಅಂತ ವಹಿಸಿಕೊಂಡು ಮಾತಾಡೋದೂ ಅದೇ ಹುಡುಗರ ಆಟ.